ಸದರಿ ಬೈಲಿನ ಬಾತುಗಳು

ಬಂಟ್ವಾಳ
18-2-1985, ಸೋಮವಾರ

ಮೂಡಬಿದಿರೆ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡು, ಊರವರ ಪಂಕ್ಚರುಗಳನ್ನೂ ಕೆರೆಯ ಹಕ್ಕಿಗಳನ್ನೂ ಸಮಾನ ಗೌರವದಿಂದ ಕಾಣುತ್ತಿರುವ ಶ್ರೀ ಚಿನ್ನಯ್ಯ ಶೆಟ್ಟರಿಗೆ, ಬಂಟ್ವಾಳದ ವಕೀಲರೊಬ್ಬರ ಗುಮಾಸ್ತನಾದ ಶಿವಸುಬ್ರಹ್ಮಣ್ಯ ಭಟ್ಟನು ನಮಸ್ಕಾರಪೂರ್ವಕ ತಿಳಿಯಪಡಿಸುವುದೇನೆಂದರೆ:

ಬರುವ ಭಾನುವಾರದಿಂದ ನಮ್ಮ ಲೆಕ್ಕ ಶುರು. ನೆರೆ ನೀರಿನಲ್ಲಿ ಎರಡು ಸಲ ಟ್ಯೂಬುಗಳೆಲ್ಲ ಈಜಿ ಹೋದ ಮೇಲೆ ತಾವು ಬಂಟ್ವಾಳದ ಅಂಗಡಿ ಮುಚ್ಚಿ ಮೂಡಬಿದಿರೆಗೆ ಹೊರಟಿರಿ. ಆ ದಿನ, ಅಂದರೆ 1976ರಲ್ಲಿ, ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಾವಿಬ್ಬರು ಮಾಡಿಕೊಂಡ ಕರಾರನ್ನು ಜ್ಞಾಪಿಸುತ್ತೇನೆ. ಶಿವರಾತ್ರಿ ಕಳೆದ ಮೇಲಿನ ಭಾನುವಾರದಿಂದ ಸೌರ ಯುಗಾದಿಯಾದ ಬಿಸು ಹಬ್ಬದ ಹಿಂದಿನ ಭಾನುವಾರದ ತನಕ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರ ವರೆಗೆ, ನಾನು ಬೆಳ್ತಂಗಡಿ ರಸ್ತೆಯಲ್ಲಿ ಕಟ್ಟ ಹಾಕಿ ನೀರು ನಿಲ್ಲಿಸಿದ ನೇರಳಬೈಲಿನಲ್ಲಿ, ತಾವು ಶಿರ್ತಾಡಿ ಕಡೆಯ ಕೊಂಬೊಟ್ಟು ಕೆರೆಯಲ್ಲಿ, ನೀರಿನ ಹಕ್ಕಿಗಳನ್ನು ಎಣಿಸತಕ್ಕದ್ದು. ಸೈಕಲಿನಲ್ಲೇ ಹೋಗತಕ್ಕದ್ದು. ಬಸ್ಸು, ಜೀಪು, ಭಾವನ ಸ್ಕೂಟರು ನಿಷಿದ್ಧ. ಕಂಡದ್ದನ್ನು ಮಾತ್ರ ಬರೆಯತಕ್ಕದ್ದು. ‘ಹೆಚ್ಚು ಕಡಿಮೆ ಅದೇ ಇರಬೇಕು’ ಎಂಬ ಹೆಸರಿನ ಹಕ್ಕಿಗೆ ನಮ್ಮ ರಿಜಿಸ್ಟರಿನಲ್ಲಿ ಜಾಗವಿಲ್ಲ.

ಒಂಬತ್ತು ವರ್ಷ ಒಂದು ಭಾನುವಾರವೂ ತಪ್ಪಲಿಲ್ಲ. ಮುಂಬಯಿಯ ಪಕ್ಷಿ ಸಂಘದವರು ಬರೆದದ್ದನ್ನು ತಾವು ಮರೆತಿರಲಾರಿರಿ: ಎರಡು ಜಾಗ, ಎರಡೇ ಜನ, ಹತ್ತು ವಸಂತ ಎಡೆಬಿಡದೆ ಎಣಿಸಿದ ಲೆಕ್ಕ ಅವರ ಬಳಿ ಬೇರೆ ಇಲ್ಲವಂತೆ. ಹತ್ತನೆಯದು ಪೂರ್ತಿಯಾದರೆ ನಮ್ಮಿಬ್ಬರ ಹೆಸರಿನಲ್ಲಿ ಅಚ್ಚು ಹಾಕುತ್ತಾರಂತೆ.

ಶೆಟ್ಟರೇ, ಮೂವತ್ತೊಂದು ವರ್ಷದಿಂದ ನಾನು ಬೇರೆಯವರ ದಾವೆ, ಬೇರೆಯವರ ತಕರಾರು, ಬೇರೆಯವರ ಅಜ್ಜನ ಉಯಿಲು ನಕಲು ಮಾಡುತ್ತಿದ್ದೇನೆ. ಅವುಗಳ ಅಡಿಯಲ್ಲಿ ‘ಬರೆದವನು’ ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಇರುತ್ತದೆ. ನಾನೇ ಕಂಡು, ನಾನೇ ಹೇಳಿದ್ದು ಎಂದು ನನ್ನ ಹೆಸರು ಒಂದು ಕಡೆ ಬರುವುದಿದ್ದರೆ ಅದು ಇಲ್ಲಿ ಮಾತ್ರ. ಆದ್ದರಿಂದ ಈ ಏಳು ಭಾನುವಾರ ಮಳೆ ಬರಲಿ, ಮದುವೆ ಬರಲಿ, ತಾವು ಕೆರೆಯ ಬದಿಯಲ್ಲಿ ಹಾಜರಿರತಕ್ಕದ್ದು.

ಇಂತೀ ರುಜು,
ಶಿ. ಭಟ್ಟ


ಮೂಡಬಿದಿರೆ
21-2-85

ಭಟ್ರೇ,

ನಿಮ್ಮ ನೋಟೀಸು ಮುಟ್ಟಿತು. ಕೊಡುವಾಗ ಪೋಸ್ಟಿನವ, “ಎಂಥ ಶೆಟ್ರೇ, ಕೋರ್ಟಿಂದಾ?” ಅಂತ ಕೇಳಿದ. “ಹೌದು ಮಾರಾಯ, ಕೊಕ್ಕರೆ ಕದ್ದ ಕೇಸು” ಅಂದೆ. ಈಗ ಪೇಟೆಯಲ್ಲಿ ನಾಲ್ಕು ಜನ ನನ್ನನ್ನು ಬೇರೆ ರೀತಿ ನೋಡ್ತಾರೆ.

ಹೋಗ್ತೇನೆ. ಆದರೆ ಸತ್ಯ ಹೇಳುವುದಾದರೆ ಬಚ್ಚಿ ಸುಸ್ತಾಗಿದೆ ಭಟ್ರೇ. ವಾರದಲ್ಲಿ ಆರು ದಿನ ಕೂತು ಪಂಕ್ಚರ್ ಹಾಕಿ ಸೊಂಟ ಬಗ್ಗುದಿಲ್ಲ. ಏಳನೇ ದಿನ ಮಲಗುವ ಅಂತ ದೇಹ ಹೇಳ್ತದೆ. ಮಗಳು ಕಾಂತಿ ಹೇಳುವುದು ಕೇಳಿ: “ಅಪ್ಪಾ, ಹಕ್ಕಿಗಳು ಒಂದು ದಿನವಾದ್ರೂ ಬಂದು ನಿಮ್ಮನ್ನು ಎಣಿಸಿದ್ದುಂಟಾ?” ಇದಕ್ಕೆ ಉತ್ತರ ನಿಮಗೆ ಹೊಳೆದರೆ ಬರೆಯಿರಿ.

ನನ್ನ ಹೆಸರು ಅಂಗಡಿಯ ಬೋರ್ಡಿನಲ್ಲಿ ಉಂಟು, ಅದು ಸಾಕು. ನಿಮ್ಮದು ಅಚ್ಚಲ್ಲಿ ಬರಲಿ. ಈ ಒಂದು ವರ್ಷ ದಾಟಿಸುವ. ಮತ್ತೆ ಭಾನುವಾರ ಹತ್ತು ಗಂಟೆಯವರೆಗೆ ನನ್ನನ್ನು ಎಬ್ಬಿಸಿದವರಿಗೆ ಸ್ಪ್ಯಾನರಿನಲ್ಲಿ ಹೊಡೀತೇನೆ.

ಚಿನ್ನಯ್ಯ


ಬಂಟ್ವಾಳ
24-2-1985, ಭಾನುವಾರ, ಬೆಳಿಗ್ಗೆ ಒಂಬತ್ತು

ಶೆಟ್ರೇ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಾಕದ ಕಾಗದದಲ್ಲಿ ‘ಮೇಲ್ಕಾಣಿಸಿದ’ ‘ಸದರಿ’ ಬೇಕಾಗಿಲ್ಲ, ಅಷ್ಟು ಸುಖ.

ನೀವು ಈಗ ಕೊಂಬೊಟ್ಟು ಕೆರೆಯ ಕಟ್ಟೆಯಿಂದ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿರಬಹುದು. ನಾನು ನಮ್ಮ ಮನೆಯ ಜಗಲಿಯಲ್ಲಿದ್ದೇನೆ. ಜನವರಿಯಲ್ಲಿ ಒಂದು ದಿನ ನೇರಳಬೈಲಿಗೆ ಹೋಗುವ ಏರಿನಲ್ಲಿ ಎದೆಯ ಮೇಲೆ ಯಾರೋ ಅಕ್ಕಿಮುಡಿ ತಂದಿಟ್ಟ ಹಾಗಾಯಿತು. ಮೈಲುಗಲ್ಲಿನ ಮೇಲೆ ಅರ್ಧ ಗಂಟೆ ಕುಳಿತೆ. ಮಂಗಳೂರಿನ ಡಾಕ್ಟರು ಯಂತ್ರ ಹಚ್ಚಿ, ಗೆರೆ ಎಳೆಸಿ, ನೋಡಿ, “ಸೈಕಲ್ ಯಾರಿಗಾದರೂ ಕೊಟ್ಟುಬಿಡಿ” ಎಂದರು. ಸುಂದರಿ ಅದನ್ನು ಸೌದೆ ಕೊಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದಾಳೆ. ನನ್ನ ಹೆಂಡತಿಯ ಸೆರಗಿನ ಗಂಟು ಬಿಚ್ಚಿಸುವ ಆದೇಶವನ್ನು ಹೈಕೋರ್ಟೂ ಕೊಡಲಾರದು.

ನಿಮಗೆ ಹೇಳಿದರೆ, “ಬಿಡಿ ಭಟ್ರೇ, ನಿಲ್ಲಿಸುವ” ಎನ್ನುತ್ತೀರಿ. ನಿಮಗೂ ದಣಿವಾಗಿದೆ, ನಿಮ್ಮ ಪತ್ರದಲ್ಲೇ ಕಂಡಿತು. ನಿಲ್ಲಿಸುವ ಎಂದರೆ ನಿಂತುಹೋಗುತ್ತದೆ.

ಆದ್ದರಿಂದ ಇವತ್ತು ಏಳರಿಂದ ಒಂಬತ್ತರ ವರೆಗೆ ಕರಾರಿನ ಪ್ರಕಾರ ಕುಳಿತು, ಹಿಂದಿನ ಒಂಬತ್ತು ವರ್ಷಗಳ ಮೊದಲ ಭಾನುವಾರಗಳನ್ನು ಕೂಡಿಸಿ ಒಂಬತ್ತರಿಂದ ಭಾಗಿಸಿದೆ. ಸಿಳ್ಳೆಬಾತು ನಲವತ್ತೊಂದೂ ಮೂರನೆಯ ಒಂದು ಬಂತು. ಬಾತಿನ ಮೂರನೆಯ ಒಂದು ಭಾಗ ಈಜುವುದನ್ನು ಕಂಡವರಿಲ್ಲವಾದ್ದರಿಂದ ಅದನ್ನು ಬಿಟ್ಟೆ. ಸಹಜವಾಗಿ ಕಾಣಲೆಂದು ಒಂದು ಮಿಂಚುಳ್ಳಿಯನ್ನು ಕಳೆದೆ. ಮೂವತ್ತೊಂದು ವರ್ಷ ಬೇರೆಯವರ ಸುಳ್ಳನ್ನು ಸುಂದರ ಅಕ್ಷರದಲ್ಲಿ ಬರೆದವನು ನನ್ನ ಸುಳ್ಳನ್ನು ಮಾತ್ರ ಮೂರು ಸಲ ಚಿತ್ತು ಮಾಡಿ ಬರೆದೆ.


ಬಂಟ್ವಾಳ
25-2-1985

ಶ್ರೀ ಚಿನ್ನಯ್ಯ ಶೆಟ್ಟರ ಸನ್ನಿಧಾನಕ್ಕೆ,

ಮೊದಲ ಭಾನುವಾರದ ಮಹಜರು. ಸದರಿ ಬೈಲಿನಲ್ಲಿ ಹಾಜರಿದ್ದವರು: ಸಿಳ್ಳೆಬಾತು 41, ಸೂಜಿಬಾಲದ ಬಾತು 12, ಬೆಳ್ಳಕ್ಕಿ 30, ಕೊಳದ ಬಕ 17, ದೇವನಕ್ಕಿ 6, ನೀರುಕಾಗೆ 9, ಮಿಂಚುಳ್ಳಿ 2. ಸದರಿ ಬಾತುಗಳು ಯಾವ ತಕರಾರೂ ಇಲ್ಲದೆ ಈಜುತ್ತಿದ್ದವು. ಹವೆ ತಂಪಾಗಿತ್ತು. ಏರಿನಲ್ಲಿ ಸ್ವಲ್ಪ ಆಯಾಸ, ವಯೋಧರ್ಮ.

ಕಾಂತಿಯ ಪ್ರಶ್ನೆಗೆ ಉತ್ತರ: ಹಕ್ಕಿಗಳು ನಮ್ಮನ್ನು ಮೊದಲೇ ಎಣಿಸಿ, ಎರಡು ಎಂದು ಬರೆದುಕೊಂಡು, ಇನ್ನು ಹೆಚ್ಚುವ ಲಕ್ಷಣವಿಲ್ಲವೆಂದು ಪುಸ್ತಕ ಮುಚ್ಚಿರಬೇಕು.

ಶಿ. ಭಟ್ಟ


ಮೂಡಬಿದಿರೆ
5-3-85

ಭಟ್ರೇ,

ನಿಮ್ಮ ಎರಡು ಪಟ್ಟಿಯೂ ಸಿಕ್ಕಿತು. ಎರಡನೆಯದರಲ್ಲಿ ಸಿಳ್ಳೆಬಾತು ಮೂವತ್ತೊಂಬತ್ತಾ! ನನ್ನ ಕೆರೆಯ ಲೆಕ್ಕ ಬರೆಯಲಿಕ್ಕೆ ನಾಚಿಕೆ ಆಗ್ತದೆ. ಮೊದಲ ಭಾನುವಾರ ಬಾತು ಎಂಟು, ಬೆಳ್ಳಕ್ಕಿ ನಾಲ್ಕು. ಮೊನ್ನೆ ಬಾತು ಇಲ್ಲವೇ ಇಲ್ಲ. ಎರಡು ಹುಂಡುಕೋಳಿ ಮಾತ್ರ ಗಂಡ ಹೆಂಡತಿ ಜಗಳ ಮಾಡ್ತಾ ಇದ್ದವು.

ಒಂಬತ್ತು ವರ್ಷ ನಿಮಗಿಂತ ನನ್ನದೇ ಹೆಚ್ಚು ಇತ್ತು. ಈ ವರ್ಷ ಎಂಥ ಆಯ್ತು? ನನ್ನವೆಲ್ಲ ನಿಮ್ಮ ಬೈಲಿಗೆ ಬಂದವಾ? ಬಂದಿದ್ದರೆ ಹೇಳಿ, ಬೇಸರ ಇಲ್ಲ. ಇಲ್ಲದಿದ್ದರೆ ದೋಷ ನನ್ನ ಕಣ್ಣಿನದ್ದು. ನಿನ್ನೆ ಕಣ್ಣಿನ ಡಾಕ್ಟರಲ್ಲಿಗೆ ಹೋದೆ. ಅಕ್ಷರದ ಬೋರ್ಡು ಓದಿಸಿದರು. “ಹಕ್ಕಿಯ ಬೋರ್ಡು ಇಲ್ವಾ?” ಅಂತ ಕೇಳಿದೆ. ಕನ್ನಡಕ ಬದಲಿಸಿದ್ದಾರೆ. ಈಗ ಪಂಕ್ಚರಿನ ತೂತು ಆನೆಬಾಗಿಲಿನಷ್ಟು ಕಾಣ್ತದೆ. ಬಾತು ಕಾಣುದಿಲ್ಲ.

ನಾಳೆಯಿಂದ ಅಂಗಡಿ ತೆರೆಯುವ ಮೊದಲು ಅತ್ತಿತ್ತ ಇರುವ ಕೆರೆಗಳನ್ನೂ ನೋಡಿ ಬರ್ತೇನೆ. ಎಲ್ಲಿಗೆ ಹೋದವು ಅಂತ ಗೊತ್ತಾಗಬೇಕಲ್ಲ ಮಾರಾಯ್ರೆ.

ಚಿನ್ನಯ್ಯ


ಬಂಟ್ವಾಳ
12-3-1985

ಶೆಟ್ಟರೇ,

ಮೂರನೆಯ ಪಟ್ಟಿ ಇದರ ಜೊತೆಗಿದೆ. ಈ ವಾರ ನಮ್ಮಲ್ಲೂ ಕಡಿಮೆ: ಸಿಳ್ಳೆಬಾತು ಇಪ್ಪತ್ತೆರಡು. ತಮ್ಮ ಕಣ್ಣಿಗೆ ಏನೂ ಆಗಿಲ್ಲ. ಹಕ್ಕಿಗಳು ಒಂದು ವರ್ಷ ಬರುತ್ತವೆ, ಒಂದು ವರ್ಷ ಬರುವುದಿಲ್ಲ. ಅವುಗಳಿಗೆ ಸಮನ್ಸ್ ಜಾರಿ ಮಾಡುವ ಅಮೀನರಿಲ್ಲ.

ಬೇರೆ ಬೇರೆ ಕೆರೆಗಳಿಗೆ ಅಲೆಯುವುದು ಕರಾರಿನಲ್ಲಿ ಇಲ್ಲ. ದಯವಿಟ್ಟು ನಿಲ್ಲಿಸಿ. ಇದನ್ನು ತಮಾಷೆಗೆ ಬರೆಯುತ್ತಿಲ್ಲ. ನಿಮ್ಮ ಪಟ್ಟಿ ಬಡವಾಗಿದ್ದರೆ ಬಡವಾಗಿಯೇ ಇರಲಿ. ನನ್ನದನ್ನು ನೋಡಿ ಓಡಬೇಡಿ.

ಶಿ. ಭಟ್ಟ


ಮೂಡಬಿದಿರೆ
20-3-85

ಭಟ್ರೇ,

ಎಡಗೈಯಲ್ಲಿ ಕಾಗದ ಹಿಡಿಯದೆ ಬರೆಯುವುದು ಹೇಗೆ ಅಂತ ಈಗ ಕಲಿತೆ, ಯಾಕಂದರೆ ಎಡಗೈ ಮಡಚುದಿಲ್ಲ. ಶನಿವಾರ ಬೆಳಿಗ್ಗೆ ನಾರಾವಿ ಕಡೆ ಒಂದು ಮದಗ ಉಂಟು, ಅಲ್ಲಿ ಬಾತು ಇಳೀತದೆ ಅಂತ ಯಾರೋ ಹೇಳಿದ್ದಕ್ಕೆ ಹೋಗಿದ್ದೆ. ಬಾತು ಇರಲಿಲ್ಲ, ಎಮ್ಮೆ ಇತ್ತು. ಬರುವಾಗ ತಿರುವಿನಲ್ಲಿ ಜಲ್ಲಿಗೆ ಜಾರಿ ಬಿದ್ದೆ. ಮೂಳೆಗೆ ಏನೂ ಆಗಲಿಲ್ಲ. ಎರಡು ದಿನ ಅಂಗಡಿ ಮುಚ್ಚಿದ್ದೆ. ಭಾನುವಾರ ಮಾತ್ರ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಕೊಂಬೊಟ್ಟಿಗೆ ಹೋದೆ. ಕಾಂತಿ ಬೈದ ಬೈಗಳನ್ನು ಬರೆದರೆ ಇನ್‌ಲ್ಯಾಂಡ್ ಲೆಟರ್ ಸಾಲದು. ಬೆಳ್ಳಕ್ಕಿ ಮೂರು.

ನೀವು ಬೇಡ ಅಂತ ಬರೆದಿರಿ. ಆದರೂ ಪಟ್ಟಿ ಎರಡನ್ನೂ ಒಂದರ ಬದಿಯಲ್ಲಿ ಒಂದು ಇಟ್ಟು ನೋಡುವಾಗ ನನ್ನದು ಕೆಲಸಗಳ್ಳನ ಲೆಕ್ಕದ ಹಾಗೆ ಕಾಣ್ತದೆ. ಮುಂಬಯಿಯವರು, ‘ಈ ಭಟ್ರು ಸರಿ, ಈ ಶೆಟ್ಟಿ ಮನೆಯಲ್ಲಿ ಮಲಗಿ ಬರೆದಿದ್ದಾನೆ’ ಅಂದರೆ?

ಅದಿರಲಿ. ಬಿಸು ಹತ್ತಿರ ಬಂತು. ಪ್ರತಿ ವರ್ಷದ ಹಾಗೆ ನಿಮ್ಮ ಸೈಕಲನ್ನು ಓವರಾಯ್ಲಿಂಗಿಗೆ ಬಸ್ಸಿನ ಮೇಲೆ ಹಾಕಿ ಕಳಿಸಿ. ಕಂಡಕ್ಟರ್ ಶರೀಫನಿಗೆ ಹೇಳಿದ್ದೇನೆ. ಶನಿವಾರದ ಒಳಗೆ ಮುಗಿಸಿ ಭಾನುವಾರಕ್ಕೆ ಮುಟ್ಟಿಸ್ತೇನೆ.

ಚಿನ್ನಯ್ಯ


ಬಂಟ್ವಾಳ
25-3-1985

ಶೆಟ್ಟರೇ,

ತಾವು ಬಿದ್ದ ಸುದ್ದಿ ಓದಿ ನನಗೆ ಊಟ ಸೇರಲಿಲ್ಲ. ಕೈಗೆ ಬಿಸಿ ಎಣ್ಣೆ ಹಾಕಿಸಿ. ಐದನೆಯ ಪಟ್ಟಿ ಇದರೊಳಗಿದೆ, ಅದನ್ನು ನೋಡದಿದ್ದರೂ ನಡೆಯುತ್ತದೆ.

ಸೈಕಲನ್ನು ಇವತ್ತಿನ ಬಸ್ಸಿನ ಮೇಲೆ ಶರೀಫನ ವಶಕ್ಕೆ ಕೊಟ್ಟಿದ್ದೇನೆ. ಬೈಲಿನಿಂದ ಬಂದದ್ದನ್ನು ತೊಳೆಯಲು ಪುರುಸೊತ್ತಾಗಲಿಲ್ಲ, ಟಯರಿನಲ್ಲಿ ಕೆಸರು ಇದೆ, ಕ್ಷಮಿಸಬೇಕು. ತಿರುಗಿ ಕಳಿಸಲು ಅವಸರ ಬೇಡ. ಈ ಭಾನುವಾರಕ್ಕೆ ಇಲ್ಲಿಯೇ ಒಂದು ಬಾಡಿಗೆ ಸೈಕಲ್ ಹಿಡಿಯುತ್ತೇನೆ.

ಶಿ. ಭಟ್ಟ


ಮೂಡಬಿದಿರೆ
29-3-85

ಶ್ರೀ ಶಿವಸುಬ್ರಹ್ಮಣ್ಯ ಭಟ್ಟರಿಗೆ,

ನೀವು ಯಾವಾಗಲೂ ಕೋರ್ಟಿನ ಹಾಗೆ ಬರೀತೀರಿ. ಇವತ್ತು ನಾನು ವರ್ಕ್‌ಶಾಪಿನ ಹಾಗೆ ಬರೀತೇನೆ.

ಚೈನು: ಗ್ರೀಸು ಗಟ್ಟಿಯಾಗಿ ಮೇಲೆ ಭತ್ತದ ಹೊಟ್ಟಿನ ಧೂಳು ಕೂತಿದೆ. ಓಡಿದ ಚೈನಿನಲ್ಲಿ ಧೂಳು ಹಾಗೆ ಕೂರುವುದಿಲ್ಲ.

ಟಯರು: ಗಾಳಿ ಇಳಿದು ಒಂದೇ ಜಾಗದಲ್ಲಿ ನಿಂತು ಎರಡೂ ಕಡೆ ಬಿರುಕು ಬಿಟ್ಟಿದೆ. ಎರಡು ತಿಂಗಳಾದರೂ ಆಗಿರಬೇಕು.

ಕೆಸರು: ನೇರಳಬೈಲಿನದ್ದು ಬೂದು ಬಣ್ಣದ ಜೇಡಿ. ಒಣಗಿದರೆ ಹಪ್ಪಳದ ಹಾಗೆ ಏಳ್ತದೆ. ಒಂಬತ್ತು ವರ್ಷದಿಂದ ನಾನೇ ಕೆರೆದು ತೆಗೆದವ. ಇದು ಹಿತ್ತಿಲಿನ ಕೆಂಪು ಮಣ್ಣು. ಅದೂ ಮಡ್‌ಗಾರ್ಡಿನ ಹೊರಗೆ ಮಾತ್ರ ಉಂಟು, ಒಳಗೆ ಇಲ್ಲ. ಬೆರಳಿನ ಗುರುತು ಉಂಟು. ಗೋಡೆಗೆ ಸಾರಣೆ ಮಾಡಿದ ಹಾಗೆ ಚಂದ ಮಾಡಿದ್ದೀರಿ.

ಸೀಟು: ಎರಡು ಸ್ಪ್ರಿಂಗಿನ ನಡುವೆ ಕಣಜ ಮಣ್ಣಿನ ಗೂಡು ಕಟ್ಟಿದೆ. ಮೂರು ಕೋಣೆ. ಒಂದು ಚೂರೂ ಮುಕ್ಕಾಗಿಲ್ಲ. ಆ ಸೀಟಿನ ಮೇಲೆ ನೀವಲ್ಲ, ನಿಮ್ಮ ಪಂಚೆ ಇಟ್ಟಿದ್ದರೂ ಅದು ಉಳೀತಿರಲಿಲ್ಲ.

ಹಾಗಾದರೆ ಐದು ಭಾನುವಾರ ನೀವು ಹೋದದ್ದು ಯಾವುದರಲ್ಲಿ ಭಟ್ರೇ? ನಾನು ಮೂರು ವಾರದಿಂದ ನಿಮ್ಮ ಬಾತುಗಳನ್ನು ಹುಡುಕಿಕೊಂಡು ಊರೂರು ತಿರುಗಿದೆ. ಕನ್ನಡಕ ಬದಲಿಸಿದೆ. ಕೈ ಮುರಿಯುವುದೊಂದು ಬಾಕಿ.

ಗೂಡನ್ನು ತೆಗೆಯಲಿಲ್ಲ. ಕೆಲಸ ಹಾಗೇ ನಿಲ್ಲಿಸಿದ್ದೇನೆ. ಬರೆಯಿರಿ.

ಚಿನ್ನಯ್ಯ ಶೆಟ್ಟಿ


ಬಂಟ್ವಾಳ
1-4-1985

ಶೆಟ್ರೇ,

ಐದು ಭಾನುವಾರವೂ ನಾನು ಹೋಗಲಿಲ್ಲ. ಐದು ಪಟ್ಟಿಯೂ ಸುಳ್ಳು. ಜನವರಿಯಿಂದ ಎದೆನೋವು, ಸೈಕಲ್ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದಾರೆ. ಹಳೆಯ ವರ್ಷಗಳ ಸರಾಸರಿ ತೆಗೆದು ಬರೆದೆ. ನಿಮ್ಮದು ಕಡಿಮೆ ಎಂದು ಗೊತ್ತಾದ ಮೇಲೆ ನನ್ನದನ್ನೂ ಕಡಿಮೆ ಮಾಡಿದೆ. ಅದು ಸಾಲದೆ, ಪಂಚೆ ಎತ್ತಿಕಟ್ಟಿ ಟಯರಿಗೆ ಮಣ್ಣು ಹಚ್ಚಿದೆ. ಐವತ್ತಾರು ವರ್ಷದ ಮುದುಕ ಹಿತ್ತಿಲಿನಲ್ಲಿ ಕೂತು ಮಣ್ಣಾಡಿದ್ದು. ಸೈಕಲನ್ನು ಮಾರಲು ಕಳಿಸುತ್ತಿದ್ದೇನೆಂದು ನಂಬಿದ್ದಕ್ಕೆ ಸುಂದರಿ ಬೀಗ ತೆಗೆದಳು. ಅವಳಿಗೂ ಸುಳ್ಳು ಹೇಳಿದ್ದೆ.

ನಿನ್ನೆ ಅವಳಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. “ಶೆಟ್ಟರು ಬಿದ್ದದ್ದು ನಿಮ್ಮ ದೆಸೆಯಿಂದ” ಎಂದಳು, ಅಷ್ಟೆ. ಆಗಿನಿಂದ ಸಾರಿಗೆ ಉಪ್ಪಿಲ್ಲ. ಕೇಳಿದರೆ ಡಾಕ್ಟರು ಹೇಳಿದ್ದು ಎನ್ನುತ್ತಾಳೆ.

ನೀವು ಸುಸ್ತಾಗಿದ್ದೀರಿ, ಗೊತ್ತಾದರೆ ಬಿಟ್ಟುಬಿಡುತ್ತೀರಿ ಎಂದು ಹೆದರಿದೆ. ನನ್ನ ಹೆಸರಿನ ಆಸೆಗೆ ನಿಮ್ಮನ್ನು ಓಡಿಸಿದೆ. ನಿನ್ನೆಯ ಭಾನುವಾರಕ್ಕೆ ಪಟ್ಟಿ ಬರೆದಿಲ್ಲ. ಉಳಿದದ್ದು ಒಂದೇ ಭಾನುವಾರ. ಅದನ್ನೂ ಖಾಲಿ ಬಿಡುವ. ನಿಮ್ಮ ಕೆರೆಯ ಹತ್ತು ವರ್ಷ ಪೂರ್ತಿಯಾಗಲಿ, ನಿಮ್ಮ ಹೆಸರಿನಲ್ಲಿ ಕಳಿಸುತ್ತೇನೆ.

ಶಿವಸುಬ್ರಹ್ಮಣ್ಯ


ಮೂಡಬಿದಿರೆ
8-4-85

ಭಟ್ರೇ,

ನಿನ್ನೆ ಕೊಂಬೊಟ್ಟಿಗೆ ಹೋಗಲಿಲ್ಲ. ಶನಿವಾರ ಸಂಜೆ ಹೊರಟು, ಬೆಳ್ತಂಗಡಿ ರಸ್ತೆಯಲ್ಲಿ ತಂಗಿಯ ಮನೆ ಉಂಟಲ್ಲ, ಅಲ್ಲಿ ನಿಂತು ಬೆಳಿಗ್ಗೆ ನೇರಳಬೈಲಿಗೆ ಹೋದೆ. ನಿಮ್ಮದು ಏಳೂ ಖಾಲಿ ಇರುವುದು ಬೇಡ ಅಂತ. ನನ್ನದು ಒಂದು ಖಾಲಿ ಆದರೆ ಆಗಲಿ. ಪಟ್ಟಿ ಆಮೇಲೆ ಬರೀತೇನೆ. ಅಂಗಡಿಯಲ್ಲಿ ಜನ ಉಂಟು. ಕಾರ್ಡಿನಲ್ಲಿ ಜಾಗವೂ ಇಲ್ಲ.

ಚಿನ್ನಯ್ಯ


ಬಂಟ್ವಾಳ
11-4-1985

ಶೆಟ್ರೇ,

ನಿಮ್ಮ ಕಾರ್ಡನ್ನು ನಾಲ್ಕು ಸಲ ಓದಿದೆ. ಸ್ವಂತ ಕೆರೆ ಬಿಟ್ಟು ನನ್ನ ಬೈಲಿಗೆ ಹೋದಿರಿ. ಇದಕ್ಕೆ ಏನು ಬರೆಯಬೇಕೆಂದು ನನ್ನ ಮೂವತ್ತೊಂದು ವರ್ಷದ ನಕಲುಗಳಲ್ಲಿ ಒಂದು ಮಾದರಿಯೂ ಇಲ್ಲ.

ಪಟ್ಟಿ ಬೇಗ ಕಳಿಸಿ. ಸಿಳ್ಳೆಬಾತು ಎಷ್ಟಿದ್ದವು? ಪೂರ್ವದ ಮೂಲೆಯಲ್ಲಿ ತಾವರೆ ಎಲೆಯ ಮೇಲೆ ದೇವನಕ್ಕಿ ನಡೆಯುವುದನ್ನು ನೋಡಿದಿರಾ? ಕಟ್ಟದ ಬದಿಯ ನೇರಳೆ ಮರದಡಿ ಕುಳಿತರೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಅಲ್ಲೇ ಕುಳಿತಿರಿ ತಾನೆ? ಮೂರು ತಿಂಗಳಾಯಿತು ನಾನು ನೋಡದೆ. ಕಡಿಮೆ ಇದ್ದರೂ ಸರಿ, ಬರೆಯಿರಿ.

ಶಿವಸುಬ್ರಹ್ಮಣ್ಯ


ಮೂಡಬಿದಿರೆ
15-4-85

ಭಟ್ರೇ,

ನಿನ್ನೆ ಬಿಸು. ದೇವರ ಮುಂದೆ ಇಟ್ಟ ಕಣಿ ನೋಡಿದ ಮೇಲೆ ಸುಳ್ಳು ಬರೆಯುವುದು ಬೇಡ ಅಂತ ಇವತ್ತು ಕೂತೆ.

ಕಳೆದ ವಾರವೇ ನಿಮಗೆ ಒಂದು ಪಟ್ಟಿ ಬರೆದಿದ್ದೆ. ಸಿಳ್ಳೆಬಾತು ಹದಿನೆಂಟು, ದೇವನಕ್ಕಿ ನಾಲ್ಕು, ತಾವರೆ ಎಲೆ ಎಲ್ಲ ಹಾಕಿ. ಅಂಟು ಹಚ್ಚಿಯೂ ಆಗಿತ್ತು. ಕಾಂತಿ ಕೇಳಿದಳು, “ಅಪ್ಪಾ, ಭಟ್ರ ಕಾಯಿಲೆ ನಿಮಗೂ ಬಂತಾ?” ಹರಿದು ಹಾಕಿದೆ.

ಬೈಲು ಇಲ್ಲ ಭಟ್ರೇ. ಕಟ್ಟ ಒಡೆದು ನೀರು ಬಿಟ್ಟಿದ್ದಾರೆ. ಹಂಚಿಗೆ ಅಂತ ಜೇಡಿಮಣ್ಣು ತೆಗೀತಾರೆ. ಆಳುದ್ದದ ಹೊಂಡ, ಒಂದರ ಪಕ್ಕ ಒಂದು. ಭಾನುವಾರವೂ ಮೂರು ಲಾರಿ ನಿಂತಿತ್ತು. ನೇರಳೆ ಮರ ಉಂಟು, ಅದರಡಿಯಲ್ಲಿ ಲಾರಿಯವರು ಚಹಾ ಕಾಯಿಸ್ತಾರೆ.

ಮಣ್ಣು ತುಂಬುವ ಒಬ್ಬನ ಹತ್ತಿರ ಮಾತಾಡಿದೆ. ಡೊಂಬಯ್ಯ ಅಂತ, ಅಲ್ಲಿಯವನೇ.

“ಯಾವಾಗ ಶುರು ಮಾಡಿದ್ದು?” ಅಂತ ಕೇಳಿದೆ.

“ಶಿವರಾತ್ರಿ ಕಳೆದು ಒಂದು ವಾರ ಆಗಿತ್ತಣ್ಣ. ಜಾಗದವರು ಗುತ್ತಿಗೆಗೆ ಕೊಟ್ಟದ್ದು.”

“ಆಗ ಹಕ್ಕಿ ಇತ್ತಾ?”

“ತುಂಬ ಇತ್ತು. ನೀರು ಹೋದ ಮೇಲೂ ನಾಲ್ಕೈದು ದಿನ ಬಂದು ಬಂದು ಮೇಲೆಯೇ ಸುತ್ತು ಹಾಕಿ ಹೋಯಿತು. ಇಳಿಯಲಿಕ್ಕೆ ಜಾಗ ಬೇಕಲ್ಲ? ಮೊದಲೆಲ್ಲ ಒಬ್ಬರು ಭಟ್ರು ಬರ್ತಿದ್ರು, ಸೈಕಲಲ್ಲಿ. ನಾವು ಜೋರು ಮಾತಾಡಿದ್ರೆ ‘ಶ್’ ಅಂತ ಗದರ್ತಿದ್ರು. ಈ ಸಲ ಕಾಣ್ಲೇ ಇಲ್ಲ. ಅವರು ಬಂದ್ರೆ ಎಂಥಾದ್ರೂ ಹೇಳ್ತಾರೆ ಅಂತ ನಾವು ಮಾತಾಡಿಕೊಂಡೆವು. ತೀರಿಹೋದ್ರಾ?”

“ಇಲ್ಲ, ಹುಷಾರಿಲ್ಲ” ಅಂದೆ.

ಏಳರಿಂದ ಒಂಬತ್ತರವರೆಗೂ ಕೂತೆ. ಕಾಗೆ 6, ಗರುಡ 1, ಟಿಟ್ಟಿಭ 2. ಬಾತು ಇಲ್ಲ.

ಇದನ್ನು ಓದಿ ನಿಮ್ಮ ಎದೆಗೆ ಏನಾದರೂ ಆದರೆ ಅದು ನನ್ನ ತಲೆ ಮೇಲೆ. ಆದರೂ ಹೇಳಿದೆ. ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲಿಕ್ಕೂ ಶಕ್ತಿ ಬೇಕು ಮಾರಾಯ್ರೆ.

ಚಿನ್ನಯ್ಯ


ಬಂಟ್ವಾಳ
22-4-1985, ಸೋಮವಾರ

ಶೆಟ್ರೇ,

ನಿಮ್ಮ ಪತ್ರ ಬಂದ ಮೇಲೆ ಎರಡು ದಿನ ಕಚೇರಿಗೆ ಹೋಗಲಿಲ್ಲ. ಎದೆಗೆ ಏನೂ ಆಗಿಲ್ಲ, ನಿಮ್ಮ ತಲೆ ಕ್ಷೇಮ.

ನಾನು ನಲವತ್ತೊಂದು ಎಂದು ಬರೆದ ಮೊದಲ ಭಾನುವಾರ ಅಲ್ಲಿ ನಿಜವಾಗಿ ಬಾತುಗಳಿದ್ದವು. ಎಷ್ಟು ಎಂಬುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯ ಭಾನುವಾರ ನಾನು ಜಗಲಿಯಲ್ಲಿ ಕುಳಿತು ಮೂವತ್ತೊಂಬತ್ತನ್ನು ನೀರಿನ ಮೇಲೆ ಈಜಿಸುತ್ತಿದ್ದಾಗ ಅವು ನೀರಿಲ್ಲದ ಬೈಲಿನ ಮೇಲೆ ಸುತ್ತುತ್ತಿದ್ದವು. ಜಾಗದವರಿಗೆ ಮಣ್ಣು ತೆಗೆಸುವ ಹಕ್ಕಿದೆ, ನಾನು ಬಾಯಿ ಬಿಟ್ಟಿದ್ದರೂ ಕಟ್ಟ ಉಳಿಯುತ್ತಿತ್ತೆಂದು ಯಾವ ವಕೀಲನೂ ಹೇಳಲಾರ. ಆದರೆ ನನ್ನ ಎದೆನೋವನ್ನು ಆಗಲೇ ಹೇಳಿದ್ದರೆ ನೀವು ಮೊದಲ ವಾರವೇ ಬಂದು ನೋಡುತ್ತಿದ್ದಿರಿ. ಒಂಬತ್ತು ವರ್ಷ ನೋಡಿದ ಬೈಲನ್ನು ಕೊನೆಯ ವಾರದಲ್ಲಿ ನೋಡುವವರಿಲ್ಲದೆ ಬಿಟ್ಟವನು ನಾನು. ಡೊಂಬಯ್ಯ ಕಾದಿದ್ದಾನೆ ಶೆಟ್ರೇ. ಅದು ನನ್ನನ್ನು ತಿನ್ನುತ್ತದೆ.

ರಿಜಿಸ್ಟರನ್ನು ಮುಂಬಯಿಗೆ ಕಳಿಸಿದೆ. ಹತ್ತನೆಯ ವರ್ಷದಲ್ಲಿ ನೇರಳಬೈಲಿನ ಮುಂದೆ ಹೀಗೆ ಬರೆದಿದ್ದೇನೆ: ‘ಆರು ಭಾನುವಾರ ಯಾರೂ ನೋಡಿಲ್ಲ. ಇದರಲ್ಲಿ ಐದಕ್ಕೆ ನಾನು ಸುಳ್ಳು ಲೆಕ್ಕ ಬರೆದಿದ್ದೆ, ಅದನ್ನು ಹೊಡೆದು ಹಾಕಿದ್ದೇನೆ. ಏಳನೆಯ ಭಾನುವಾರ ಚಿನ್ನಯ್ಯ ಶೆಟ್ಟರು ನೋಡಿದಾಗ ಬೈಲು ಇರಲಿಲ್ಲ.’ ಅಡಿಯಲ್ಲಿ ಪೂರ್ತಿ ಹೆಸರು ಬರೆದು ರುಜು ಹಾಕಿದೆ, ದೊಡ್ಡ ಅಕ್ಷರದಲ್ಲಿ. ಅವರು ಅಚ್ಚು ಹಾಕಲಾರರು. ಹಾಕದಿದ್ದರೆ ಅದು ನ್ಯಾಯವೇ. ನಿಮ್ಮ ಆರು ಬಡ ಪಟ್ಟಿಗಳನ್ನು ಹಾಗೆಯೇ ಇಟ್ಟಿದ್ದೇನೆ. ಈ ವರ್ಷದ ಪುಟದಲ್ಲಿ ಮರ್ಯಾದೆಯಿಂದ ನಿಂತಿರುವವು ಅವು ಮಾತ್ರ.

ಸೈಕಲನ್ನು ತಿರುಗಿ ಕಳಿಸಬೇಡಿ. ಕಾಂತಿಯ ಕಾಲು ಪೆಡಲಿಗೆ ಎಟಕುವುದಾದರೆ ಅವಳಿಗೆ ಇರಲಿ. ಕಣಜದ ಮರಿಗಳು ಹಾರಿಹೋದ ಮೇಲೆ ಸೀಟು ಸರಿ ಮಾಡಿ ಕೊಡಿ.

ನಿನ್ನೆ ಭಾನುವಾರ ನೇರಳಬೈಲಿಗೆ ಹೋದೆ. ಬಸ್ಸಿನಲ್ಲಿ ಹೋದೆ, ಕರಾರು ಮುರಿದು. ಒಬ್ಬನೇ ಬಿಡಲು ಸುಂದರಿ ಒಪ್ಪಲಿಲ್ಲ. ಫ್ಲಾಸ್ಕಿನಲ್ಲಿ ಕಷಾಯ ತುಂಬಿಸಿ, ಮಾತ್ರೆಯ ಡಬ್ಬಿ ಹಿಡಿದು, ತೀರ್ಥಯಾತ್ರೆಗೆ ಹೊರಟವಳ ಹಾಗೆ ಹೊರಟಳು. ಏರನ್ನು ಬಸ್ಸು ನನಗಾಗಿ ಹತ್ತಿತು, ಅದಕ್ಕೂ ನನ್ನಷ್ಟೇ ಏದುಸಿರು. ಇಳಿದ ಮೇಲಿನ ಎರಡು ಫರ್ಲಾಂಗನ್ನು ಐದು ಸಲ ಕುಳಿತು ನಡೆದೆ.

ಡೊಂಬಯ್ಯ ದೂರದಿಂದಲೇ ನೋಡಿ ಗುದ್ದಲಿ ಕೆಳಗಿಟ್ಟ. “ಭಟ್ರೇ, ಇನ್ನು ನೀವು ಬಂದು ಎಂಥ ಮಾಡುದು?” ಎಂದು ಕೇಳಿದ. ಏನೂ ಇಲ್ಲ ಎಂದೆ. ಅವನು ಕುಳಿತುಕೊಳ್ಳಲು ಒಂದು ಗೋಣಿ ಹಾಸಿಕೊಟ್ಟ.

ಕುಳಿತೆವು. ಹತ್ತು ವರ್ಷದಲ್ಲಿ ಸುಂದರಿ ಮೊದಲ ಸಲ ಬಂದದ್ದು. ಎಲ್ಲಿ ತಾವರೆ ಇತ್ತು, ಎಲ್ಲಿ ಬಾತುಗಳು ಇಳಿಯುತ್ತಿದ್ದವು ಎಂದು ಹೊಂಡಗಳ ಮೇಲೆ ಕೈ ಚಾಚಿ ತೋರಿಸಿದೆ. ತಲೆ ಆಡಿಸುತ್ತ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ, ಅಂಚಿನ ಒಂದು ಹೊಂಡದಲ್ಲಿ ಒಸರಿ ನಿಂತ ನೀರಿನ ಹತ್ತಿರ ಏನೋ ಕಂಡು ನನ್ನ ಮೊಣಕೈ ತಿವಿದಳು. “ಅದು ಯಾವುದು? ಬಾಲ ಕುಣಿಸುವಂಥದ್ದು?” ಸಿಪಿಲೆ ಎಂದೆ. “ಒಂದಲ್ಲ, ಎರಡು” ಎಂದಳು. ನನಗೆ ಎರಡನೆಯದು ಕಾಣಲಿಲ್ಲ. ಆದ್ದರಿಂದ ಬರೆಯಲಿಲ್ಲ.

ತಿರುಗಿ ಬರುವಾಗ ರಸ್ತೆಯ ಬದಿಯಲ್ಲಿ ನಿಂತು, “ಬರುವ ವಾರವೂ ಉಂಟಾ?” ಎಂದು ಕೇಳಿದಳು.

“ಬಿಸು ಕಳೆದ ಮೇಲೆ ಲೆಕ್ಕವಿಲ್ಲ” ಎಂದೆ.

“ಲೆಕ್ಕ ಯಾರು ಕೇಳಿದ್ದು? ಬಸ್ಸು ಉಂಟಾ ಅಂತ ಕೇಳಿದ್ದು.”

ಬಸ್ಸು ಉಂಟು ಶೆಟ್ರೇ. ಆರೂವರೆಗೆ. ನೀವು ಮಲಗಿ.

ಶಿವಸುಬ್ರಹ್ಮಣ್ಯ